ಪಾಳೆಯದ ಹೊರಗೆ

"ಬಿಳಿ ಬೇಡ, ಹಸಿರು ಹಾಕೋಣ" ಎಂದಳು ಕೋಕಿಲಾ.

ಯೂಡಿತ್ ಅವರ ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ರಟ್ಟಿನ ಗೊಂಬೆಗಳು ಅಂಗಾತ ಬಿದ್ದಿದ್ದವು. ಅವುಗಳ ಮೈಗೆ ಅಂಟಿಸಬೇಕಾದ ಬಿಳಿ ಚುಕ್ಕಿಗಳ ಹಾಳೆಯನ್ನು ಕೋಕಿಲಾ ಕಾಫಿ ಲೋಟದ ಆಚೆಗೆ ಸರಿಸಿದ್ದಳು. ಹಸಿರಾದರೆ ಮಕ್ಕಳಿಗೆ ಖುಷಿ, ನೋಡಲೂ ತಮಾಷೆಯಾಗಿರುತ್ತದೆ ಎಂದು ಅರ್ಧ ಇಂಗ್ಲಿಷ್, ಅರ್ಧ ಸ್ವೀಡಿಷ್‌ನಲ್ಲಿ ಕಾರಣ ಕೊಟ್ಟಳು. ಯೂಡಿತ್ ನಕ್ಕರು. ಪುಸ್ತಕದಲ್ಲಿ ಬಿಳಿ ಎಂದಿದೆ, ಬಿಳಿಯೇ ಇರಲಿ ಎಂದರು.

ಸ್ವೀಡನ್ನಿನ ಈ ಟ್ರೋಲ್‌ಹೆಟ್ಟನ್‌ನಲ್ಲಿ ಇರುವ ಯಹೂದಿ ಮನೆಗಳು ಎಂಟೋ ಒಂಬತ್ತೋ. ಪ್ರಾರ್ಥನೆಗೆ ಅವರೆಲ್ಲ ಗೋಥೆನ್‌ಬರ್ಗ್‌ಗೆ ಹೋಗುತ್ತಾರೆ. ಮಕ್ಕಳಿಗೆ ಮಾತ್ರ ಭಾನುವಾರ ಬೆಳಿಗ್ಗೆ ಇಲ್ಲೇ, ಕಾಲುವೆ ಪಕ್ಕದ ಒಂದು ಬಾಡಿಗೆ ಹಾಲ್‌ನಲ್ಲಿ ಕ್ಲಾಸು. ಶಾಲೆಯಿಂದ ನಿವೃತ್ತರಾದ ಯೂಡಿತ್ ತಮ್ಮ ಧರ್ಮಗ್ರಂಥವಾದ ತೋರಾದಿಂದ ಆ ವಾರದ ಭಾಗವನ್ನು ಹೇಳಿಕೊಡುತ್ತಾರೆ. ಇಡೀ ತೋರಾವನ್ನು ವರ್ಷದ ವಾರಗಳಿಗೆ ಹಂಚಿಟ್ಟಿದ್ದಾರಂತೆ. ಯಾವ ವಾರಕ್ಕೆ ಯಾವ ಭಾಗ ಬಂತೋ ಅದೇ ಪಾಠ. ಅದನ್ನು ಕತ್ತರಿ, ಗೋಂದು, ರಟ್ಟಿಗೆ ಇಳಿಸುವುದು ಕೋಕಿಲಾಳ ಕೆಲಸ. ಮೈಸೂರಿನ ಸರಸ್ವತಿಪುರಂನಲ್ಲಿ ಆರು ವರ್ಷ ಮಕ್ಕಳ ಬೇಸಿಗೆ ಶಿಬಿರ ನಡೆಸಿದ ಕೈ ಅದು. ಗಂಡ ಅಶ್ವತ್ಥನಿಗೆ ಇಲ್ಲಿನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದಾಗ ಆ ಕೈಗೆ ಕೆಲಸವಿಲ್ಲದೆ ಹೋಗಿತ್ತು. ಈಗ ನೋಹನ ಹಡಗನ್ನು ಹಾಲಿನ ಡಬ್ಬದಲ್ಲಿ ಮಾಡಿಸಿದ್ದಾಯಿತು, ಎರಡು ಭಾಗವಾದ ಸಮುದ್ರವನ್ನು ನೀಲಿ ಜೆಲ್ಲಿಯಲ್ಲಿ ತೋರಿಸಿದ್ದಾಯಿತು. ದೇವರು ಯಾರವನಾದರೇನು, ಗೋಂದು ಒಂದೇ ಎಂದು ಊರಿಗೆ ಫೋನ್ ಮಾಡಿದಾಗ ನಗುತ್ತಿದ್ದಳು.

ಈ ವಾರದ ಭಾಗದಲ್ಲಿ ನಗು ಬರಲಿಲ್ಲ. ಮೈಮೇಲೆ ಬಿಳಿ ಮಚ್ಚೆ ಎದ್ದವನನ್ನು ಪುರೋಹಿತನ ಮುಂದೆ ತಂದು ನಿಲ್ಲಿಸಬೇಕು. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದೆಯೋ ಎಂದು ಅವನು ನೋಡಬೇಕು. ಆಗಿದ್ದರೆ ಅಶುದ್ಧ ಎಂದು ಸಾರಿ, ಜನರು ಡೇರೆ ಹಾಕಿಕೊಂಡಿರುವ ಪಾಳೆಯದಿಂದ ಅವನನ್ನು ಹೊರಗೆ ಕಳಿಸಬೇಕು. ಯೂಡಿತ್ ಇದನ್ನು ಆಟ ಮಾಡಿದ್ದರು. ಒಂದು ಮಗು ಕಾಗದದ ಟೋಪಿ ಹಾಕಿ, ಭೂತಗನ್ನಡಿ ಹಿಡಿದು ಪುರೋಹಿತನಾಗುವುದು. ಮಿಕ್ಕವರು ತಮ್ಮ ಗೊಂಬೆಗೆ ಚುಕ್ಕಿ ಅಂಟಿಸಿ ತಂದು ತೋರಿಸುವುದು. ಪುರೋಹಿತ ಕಾರ್ಡ್ ತೆಗೆದು ಓದುವುದು. ಹಾಲ್‌ನ ಮೂಲೆಯಲ್ಲಿ ಕಟ್ಟಿದ ಬೆಡ್‌ಶೀಟಿನ ಡೇರೆಗೆ ಆ ಗೊಂಬೆ ಹೋಗುವುದು. ಕೊನೆಗೆ ಎಲ್ಲ ಗೊಂಬೆಗಳೂ ವಾಪಸ್ ಬರುತ್ತವೆ, ಹಾಡು, ದಾಲ್ಚಿನ್ನಿ ಬನ್ನು. ಮುಖ್ಯ ಆ ವಾಪಸ್ ಬರುವುದೇ ಎಂದು ಯೂಡಿತ್ ಎರಡು ಸಲ ಹೇಳಿದರು. ಇದು ಯಾವ ಡಾಕ್ಟರಿಗೂ ಗೊತ್ತಿರುವ ಕಾಯಿಲೆಯಲ್ಲ, ಚಾಡಿ ಹೇಳಿದವರಿಗೆ ಬರುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು ಎಂದೂ ಸೇರಿಸಿದರು.

ಈ ಭಾಗವನ್ನು ಬಿಟ್ಟು ಮುಂದಿನದಕ್ಕೆ ಹೋಗೋಣವೇ ಎಂದು ಕೋಕಿಲಾ ಕೇಳಿದಳು. ಯೂಡಿತ್ ಕನ್ನಡಕ ತೆಗೆದರು. ಬಿಡುವ ಪದ್ಧತಿಯೇ ನಮ್ಮಲ್ಲಿಲ್ಲ, ಟೀಚರಿಗೆ ಮುಜುಗರ ಎಂದು ಇಷ್ಟು ಶತಮಾನದಲ್ಲಿ ಯಾರೂ ಬಿಟ್ಟಿಲ್ಲ ಎಂದರು. ಕಾರ್ಡಿನ ಮೇಲಿನ ವಾಕ್ಯಗಳನ್ನೂ ಮಕ್ಕಳಿಗಾಗಿ ಅವರು ಮೆತ್ತಗೆ ಮಾಡಿರಲಿಲ್ಲ, ಇದ್ದದ್ದು ಇದ್ದ ಹಾಗೇ ಅಚ್ಚು ಹಾಕಿಸಿದ್ದರು. ಆಮೇಲೆ ಗೊಂಬೆಗಳನ್ನು ಎಣಿಸಿ, ಯಾವಾಗಲೂ ಹನ್ನೆರಡು ಮಾಡುತ್ತೀಯಲ್ಲ, ನಿನ್ನ ಮಗಳದೆಲ್ಲಿ ಎಂದು ಕೇಳಿದರು. ರಟ್ಟು ಸಾಲಲಿಲ್ಲ ಎಂದಳು ಕೋಕಿಲಾ. ಅವಳ ಚೀಲದಲ್ಲಿ ಇನ್ನೂ ಎರಡು ರಟ್ಟಿನ ಹಾಳೆಗಳಿದ್ದವು. ಒಂದೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಆ ಹೆಂಗಸು ಆಟವನ್ನೇ ಬದಲಾಯಿಸುತ್ತಿದ್ದರು. ಇವಳು ಹೇಳಲಿಲ್ಲ, ಸಾಯುವಷ್ಟು ಹಟ.

ಒಂಬತ್ತು ವರ್ಷದ ಮಗಳು ದಿಯಾಳ ಬಲ ಮೊಣಕೈ ಒಳಗೆ ಅದು ಕಾಣಿಸಿಕೊಂಡು ಏಳು ತಿಂಗಳಾಗಿತ್ತು. ಮೊದಲು ಅಕ್ಕಿಕಾಳಿನಷ್ಟಿದ್ದ ಬಿಳಿ ಮಚ್ಚೆ ಈಗ ನಿಪ್ಪಟ್ಟಿನಷ್ಟಾಗಿತ್ತು. ಎಡಗಿವಿಯ ಕೆಳಗೆ ಇನ್ನೊಂದು. ಇಲ್ಲಿನ ಡಾಕ್ಟರು ಕೈ ಹಿಡಿದು ನೋಡಿ, ವಿಟಿಲಿಗೋ, ಅಪಾಯವೇನಿಲ್ಲ, ಬಿಸಿಲಿಗೆ ಕ್ರೀಮ್ ಹಚ್ಚಿ, ಮಗುವಿಗೆ ಬೇಜಾರಾದರೆ ಮಾತಾಡಲು ಕೌನ್ಸೆಲರ್ ಇದ್ದಾರೆ ಎಂದು ಹೇಳಿ ಕಳಿಸಿದ್ದಳು. ಇವಳೆಂಥ ಡಾಕ್ಟರು ಎಂದು ಬೈದುಕೊಂಡು ಕೋಕಿಲಾ ಊರಿನಿಂದ ಮಚ್ಚೆಗೆ ಹಚ್ಚುವ ಬಾವಂಚಿ ಎಣ್ಣೆ ತರಿಸಿದಳು. ಮನೆಯಲ್ಲಿ ಮೊಸರು ನಿಂತಿತು, ಹುಳಿ ನಿಂತಿತು. ದಿಯಾ ಶಾಲೆಯಲ್ಲಿ ಕದ್ದು ಮೊಸರು ತಿಂದು ಬಂದ ದಿನ ಬಾಯಿ ಮೂಸಿ ನೋಡಿ ಹೊಡೆದಳು. ಪ್ರತಿ ಬೆಳಿಗ್ಗೆ ಮೈಬಣ್ಣದ ಕ್ರೀಮನ್ನು ಎರಡು ಪದರ ಮೆತ್ತಿ, ಪೌಡರ್ ಒತ್ತಿ, ಉದ್ದ ತೋಳಿನ ಅಂಗಿ ಹಾಕಿ ಕಳಿಸುತ್ತಿದ್ದಳು. ಮನೆಯಲ್ಲಿ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅಶ್ವತ್ಥನ ಅಕ್ಕ ಶಕುಂತಲಾಗೂ ತೊನ್ನು. ಅವಳಿಗೆ ಕೈ, ತುಟಿ, ಕಣ್ಣಿನ ಸುತ್ತ ಎಲ್ಲ ಬಿಳುಪು, ಎರಡು ಸಲ ಗೊತ್ತಾದ ಮದುವೆ ಮುರಿದಿತ್ತು. ಕೋಕಿಲಾಳ ಮದುವೆ ಮುಗಿಯುವವರೆಗೂ ಅವಳನ್ನು ಕೋಣೆಯಿಂದ ಆಚೆ ಬಿಟ್ಟಿರಲಿಲ್ಲ. ಮೋಸ ಮಾಡಿದಿರಿ ಎಂದು ಕೋಕಿಲಾ ಅತ್ತೆಯ ಮೇಲೆ ಕೂಗಾಡಿದ್ದಳು. ದಿಯಾಳ ನಾಮಕರಣದ ದಿನ ಶಕುಂತಲಾ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ, ನೆಂಟರೆಲ್ಲರ ಎದುರು, ಬೇಡ, ಮಗು ಮಲಗಿದೆ ಎಂದು ಹೇಳಿ ಸೆರಗು ಮುಚ್ಚಿಕೊಂಡಿದ್ದಳು. ಶಕುಂತಲಾ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಡುಗೆಮನೆಗೆ ಹೋಗಿದ್ದಳು. ದಿಯಾಳ ಮೊಣಕೈಯನ್ನು ಮೊದಲ ಸಲ ಗಂಡನಿಗೆ ತೋರಿಸಿದಾಗ ಅಶ್ವತ್ಥ ಅದನ್ನು ಹೆಬ್ಬೆರಳಿನಿಂದ ಸವರಿದ.

"ಅವತ್ತು ಮಗು ಎದ್ದೇ ಇತ್ತು ಕೋಕಿಲಾ" ಎಂದ. ಅಷ್ಟೇ. ಅವನು ಆಮೇಲೆ ಆ ಮಾತು ಎತ್ತಲಿಲ್ಲ, ಇವಳು ಮರೆಯಲೂ ಇಲ್ಲ.

ಆ ಭಾನುವಾರ ದಿಯಾಳನ್ನು ಮನೆಯಲ್ಲೇ ಬಿಡಬೇಕೆಂದಿತ್ತು. ಆದರೆ ಯುಗಾದಿ ಕಾರ್ಯಕ್ರಮದ ಹಾಲ್ ನೋಡಲು ಅಶ್ವತ್ಥ ಗೋಥೆನ್‌ಬರ್ಗ್‌ಗೆ ಹೋಗಬೇಕಾಗಿ ಬಂತು. ಆ ಕಾರ್ಯಕ್ರಮ ಪಾವನಾಳದು. ದಾವಣಗೆರೆಯ ಪಾವನಾ ಇಲ್ಲಿನ ಯೂನಿವರ್ಸಿಟಿಯಲ್ಲಿ ಸಂಶೋಧಕಿ, ಗಂಡ ಸ್ವೀಡನ್ನಿನ ಯಹೂದಿ, ಮಗಳು ಅನ್ಯಾ ಇದೇ ಭಾನುವಾರದ ಕ್ಲಾಸಿಗೆ ಬರುತ್ತಾಳೆ. ಕೋಕಿಲಾಳಿಗೆ ಈ ಕೆಲಸ ಕೊಡಿಸಿದವಳೂ ಅವಳೇ. ಕನ್ನಡದ ಮೂವತ್ತು ಮನೆಗಳಲ್ಲಿ ಯಾರು ಹಾಡಬೇಕು, ಯಾರು ಕುಣಿಯಬೇಕು ಎಂಬುದನ್ನೂ ಅವಳೇ ನಿರ್ಧರಿಸುತ್ತಿದ್ದಳು. ಕೋಲಾಟಕ್ಕೆ ಎಲ್ಲರಿಗೂ ಅರ್ಧ ತೋಳಿನ ರವಿಕೆ, ದಿಯಾಳಿಗೆ ಮಾತ್ರ ಯಾಕೆ ಉದ್ದ ತೋಳು ಹೊಲಿಸಿದ್ದೀ ಎಂದು ಹೋದ ವಾರವಷ್ಟೇ ಕೇಳಿದ್ದಳು. ಚಳಿ ಎಂದು ಕೋಕಿಲಾ ತೇಲಿಸಿಬಿಟ್ಟಿದ್ದಳು. ಪಾವನಾಗೆ ಗೊತ್ತಾದರೆ ಮೂವತ್ತು ಮನೆಗೂ ಗೊತ್ತಾಯಿತು ಎಂದೇ ಅರ್ಥ, ಅಲ್ಲಿಂದ ಮೈಸೂರಿಗೆ ಎಷ್ಟು ಹೊತ್ತು. ಕೋಕಿಲಾ ಅವತ್ತು ಕ್ರೀಮನ್ನು ಮೂರು ಪದರ ಹಚ್ಚಿದಳು. ಗೋಂದಿನ ಮೇಜು ಬಿಟ್ಟು ಏಳಕೂಡದು, ಆಟಕ್ಕೆ ಹೋಗಕೂಡದು ಎಂದು ಬಸ್ಸಿನಲ್ಲಿ ಮಗಳ ಹತ್ತಿರ ಮಾತು ತೆಗೆದುಕೊಂಡಳು.

ಟೋಪಿ ಅನ್ಯಾಳ ಪಾಲಿಗೆ ಬಂತು. ಅವಳಿಗೂ ಒಂಬತ್ತೇ ವರ್ಷ, ಆದರೆ ಟೋಪಿ ತಲೆಗೇರಿದ್ದೇ ತಡ ಐವತ್ತರ ಗಾಂಭೀರ್ಯ ಬಂತು. ಗೊಂಬೆಗಳು ಒಂದೊಂದಾಗಿ ಬಂದವು. ಅನ್ಯಾ ಭೂತಗನ್ನಡಿಯಲ್ಲಿ ನೋಡಿ, ಕಾರ್ಡ್ ಓದಿ, ಕೆಲವನ್ನು ಡೇರೆಗೆ ಕಳಿಸಿದಳು, ಕೆಲವನ್ನು ಉಳಿಸಿಕೊಂಡಳು. ಯಾರ ಗೊಂಬೆ ಹೊರಗೆ ಹೋಯಿತೋ ಆ ಮಕ್ಕಳಿಗೇ ಹೆಚ್ಚು ಖುಷಿ. ಯೂಡಿತ್ ಪಕ್ಕದಲ್ಲಿ ನಿಂತು, ಅವನು ಅಲ್ಲಿ ಒಬ್ಬನೇ ಕೂತಾಗ ಏನೆನ್ನಿಸುತ್ತದೆ ಎಂದು ಕೇಳುತ್ತಿದ್ದರು. ದಿಯಾ ಗೋಂದಿನ ಮೇಜಿನ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ನಿನ್ನ ಗೊಂಬೆ ಎಲ್ಲಿ ಎಂದು ಯಾರೋ ಕೇಳಿದರು. ನನಗೆ ಮಾಡಿಲ್ಲ ಎಂದಳು. ಹಾಗಾದರೆ ನಿನಗೆ ಆಟವಿಲ್ಲ ಎಂದಿತು ಆ ಮಗು.

ಬಣ್ಣದ ಬಾಟಲಿಗಳನ್ನು ಜೋಡಿಸುತ್ತಿದ್ದ ಕೋಕಿಲಾ ತಲೆ ಎತ್ತುವಷ್ಟರಲ್ಲಿ ದಿಯಾ ಅನ್ಯಾಳ ಮುಂದೆ ನಿಂತಾಗಿತ್ತು. ತೋಳು ಮೇಲಕ್ಕೆ ಮಡಚಿ, ಒದ್ದೆ ಟಿಶ್ಯೂವಿನಿಂದ ಕ್ರೀಮ್ ಒರೆಸಿಕೊಂಡಿದ್ದಳು. ಗೊಂಬೆ ಇಲ್ಲದ್ದಕ್ಕೆ ನಾನೇ ಬಂದಿದ್ದೇನೆ ಎಂದು ಸ್ವೀಡಿಷ್‌ನಲ್ಲಿ ಹೇಳಿದಳು. ಅನ್ಯಾ ಭೂತಗನ್ನಡಿ ಹಿಡಿದು ಬಗ್ಗಿದಳು. ಹತ್ತು ತಲೆಗಳು ಸುತ್ತ ಸೇರಿದವು. ಇದು ನಿಜವಾದದ್ದೇ ಎಂದು ಯಾರೋ ಕೇಳಿದರು. ನಿಜವಾದದ್ದು, ಇನ್ನೊಂದು ಇಲ್ಲಿದೆ ಎಂದು ದಿಯಾ ಕೂದಲೆತ್ತಿ ಕಿವಿಯ ಕೆಳಗೆ ತೋರಿಸಿದಳು. ಅವಳ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಏಳು ತಿಂಗಳಲ್ಲಿ ಅವಳ ತಾಯಿ ಆ ಮುಖವನ್ನು ಕಂಡಿರಲಿಲ್ಲ. ಮಕ್ಕಳು ಬೆಚ್ಚಲಿಲ್ಲ, ಹಿಂದೆ ಸರಿಯಲಿಲ್ಲ. ಒಬ್ಬ ಹುಡುಗ ಮುಟ್ಟಿ ನೋಡಿ, ಮೆತ್ತಗಿದೆ ಎಂದ.

ಅದೇ ಹೊತ್ತಿಗೆ ಬಾಗಿಲು ತೆರೆದು ಪಾವನಾ ಬಂದಳು, ಕೈಯಲ್ಲಿ ಕೋಲಾಟದ ಕೋಲುಗಳ ಚೀಲ.

"ಪೇಂಟ್ ಅದು" ಎಂದಳು ಕೋಕಿಲಾ, ಮೊದಲು ಸ್ವೀಡಿಷ್‌ನಲ್ಲಿ, ಆಮೇಲೆ ಪಾವನಾಳ ಕಡೆ ತಿರುಗಿ ಕನ್ನಡದಲ್ಲಿ. "ಬೆಳಿಗ್ಗೆಯಿಂದ ವೈಟ್ ಪೇಂಟ್ ಮೆತ್ಕೊಂಡು ಆಡ್ತಿದಾಳೆ ಕಣೇ ಇವಳು. ತೊಳೆದ್ರೆ ಹೋಗತ್ತೆ."

ಮಗಳ ತೋಳು ಹಿಡಿದು ಮೂಲೆಯ ಸಿಂಕಿಗೆ ಎಳೆದುಕೊಂಡು ಹೋದಳು. ಬ್ರಶ್ಶು, ತಟ್ಟೆ ಉಜ್ಜುವ ಹಸಿರು ಸ್ಕ್ರಬ್ಬರ್ ಅಲ್ಲಿತ್ತು. ನಲ್ಲಿ ತಿರುಗಿಸಿ ಉಜ್ಜತೊಡಗಿದಳು. ಮಿಕ್ಕಿದ್ದ ಕ್ರೀಮ್ ಕಂದು ನೀರಾಗಿ ಇಳಿದುಹೋಯಿತು. ಕ್ರೀಮ್ ಹೋದಷ್ಟೂ ಮಚ್ಚೆ ಸ್ಪಷ್ಟವಾಯಿತು. ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲವೇ, ಚೆನ್ನಾಗಿಯೇ ಗೊತ್ತಿತ್ತು. ಬೆನ್ನ ಹಿಂದೆ ಪಾವನಾ ನಿಂತಿದ್ದಾಳೆ ಎಂಬುದಷ್ಟೇ ತಲೆಯಲ್ಲಿತ್ತು, ಕೈ ತನ್ನಷ್ಟಕ್ಕೆ ಉಜ್ಜುತ್ತಿತ್ತು.

"ಅಮ್ಮ, ಹೋಗಲ್ಲ ಅಂತ ನಿಂಗೆ ಗೊತ್ತಲ್ಲ" ಎಂದಳು ದಿಯಾ ಸಣ್ಣ ದನಿಯಲ್ಲಿ. ಏನು ಕೇಳಿದರೂ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಹುಡುಗಿ, ಬೇರೆ ಮಕ್ಕಳಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ಹೇಳಿದಳು.

"ಪೇಂಟ್ ಅಂತ ಹೇಳು. ಜೋರಾಗಿ ಹೇಳು."

ದಿಯಾ ಕೈ ಬಿಡಿಸಿಕೊಳ್ಳದೆ ಹಾಗೇ ತಿರುಗಿ ನಿಂತಳು. ಇದು ಬಣ್ಣ, ನಾನೇ ಹಚ್ಚಿಕೊಂಡೆ, ನಿಜವಾದದ್ದು ಅಂದದ್ದು ಸುಳ್ಳು ಎಂದು ಎಲ್ಲರಿಗೂ ಕೇಳುವ ಹಾಗೆ ಸ್ವೀಡಿಷ್‌ನಲ್ಲಿ ಹೇಳಿದಳು. ಮುಟ್ಟಿ ನೋಡಿದ್ದ ಹುಡುಗ, ಸುಳ್ಳುಬುರುಕಿ ಎಂದ. ಯೂಡಿತ್ ಧಾವಿಸಿ ಬಂದು ಕೋಕಿಲಾಳ ಮಣಿಕಟ್ಟು ಹಿಡಿದು ಸ್ಕ್ರಬ್ಬರ್ ಕಿತ್ತುಕೊಂಡರು. ಮಚ್ಚೆಯ ನಡುವೆ ಚರ್ಮ ಎದ್ದು ರಕ್ತ ಜಿನುಗುತ್ತಿತ್ತು. ಆ ಮುದುಕಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿಹೋಯಿತು, ಗೊಂಬೆ ಯಾಕೆ ಹನ್ನೊಂದು ಎಂಬುದೂ ಸೇರಿ. ಕೋಕಿಲಾಳನ್ನು ಒಮ್ಮೆ ನೋಡಿದರು, ಆ ನೋಟದಲ್ಲಿ ಕನಿಕರವಿರಲಿಲ್ಲ. ಆಟ ಮುಗಿಯಿತು, ಎಲ್ಲರೂ ಕೂತುಕೊಳ್ಳಿ ಎಂದು ಮಕ್ಕಳಿಗೆ ಹೇಳಿ, ಪ್ಲಾಸ್ಟರ್ ಪೆಟ್ಟಿಗೆ ತರಲು ಕೆಳಗಿನ ಆಫೀಸಿಗೆ ಇಳಿದು ಹೋದರು.

ಆಟ ಅಷ್ಟು ಸುಲಭವಾಗಿ ಮುಗಿಯುತ್ತದೆಯೇ. ಅನ್ಯಾಳ ತಲೆಯ ಮೇಲೆ ಟೋಪಿ ಹಾಗೇ ಇತ್ತು. ಅವಳು ಹತ್ತಿರ ಬಂದು ಆ ಮೊಣಕೈಯನ್ನು ಭೂತಗನ್ನಡಿಯಲ್ಲಿ ನೋಡಿ, ಕಾರ್ಡುಗಳನ್ನು ಹುಡುಕಿ, ಒಂದನ್ನು ತೆಗೆದಳು. ಬಿಳಿಯೊಳಗೆ ಹಸಿ ಮಾಂಸ ಕಂಡರೆ ಅದು ಹಳೆಯ ರೋಗ, ಪುರೋಹಿತನು ಅವನನ್ನು ಅಶುದ್ಧನೆಂದು ಸಾರಲಿ ಎಂದು ತಪ್ಪಿಲ್ಲದೆ ಓದಿದಳು. ಅವಳಲ್ಲಿ ಒಂದಿಷ್ಟೂ ಕೇಡಿರಲಿಲ್ಲ, ನಿಯಮ ಇದ್ದದ್ದು ಹಾಗೆ. ದಿಯಾ ತಲೆಯಾಡಿಸಿ, ತಾನಾಗಿಯೇ ನಡೆದುಹೋಗಿ, ಬೆಡ್‌ಶೀಟ್ ಎತ್ತಿ, ರಟ್ಟಿನ ಗೊಂಬೆಗಳ ನಡುವೆ ಕೂತಳು.

ಪಾವನಾ ಕೋಕಿಲಾಳ ತೋಳು ಮುಟ್ಟಿ ಕಾರಿಡಾರಿಗೆ ಕರೆದಳು. ಬಾಗಿಲು ಮುಚ್ಚಿದ ಮೇಲೆ, ತೊನ್ನಾ ಎಂದು ನೇರವಾಗಿ ಕೇಳಿದಳು. ಕೋಕಿಲಾ, ಛೆ, ಅದಲ್ಲ, ಈಜುಕೊಳದಿಂದ ಬಂದ ಫಂಗಸ್ಸು, ಅದರ ಮೇಲೆ ಬಣ್ಣ ಬೇರೆ ಹಚ್ಚಿಕೊಂಡಿದ್ದಾಳೆ ಎಂದಳು. ಹಾಗಾದರೆ ಮಗು ನಿಜವಾದದ್ದು ಎಂದಳಲ್ಲ ಎಂದು ಪಾವನಾ ಕೇಳಿದಾಗ, ಅವಳ ಮಾತು ಕಟ್ಟಿಕೊಂಡು ಏನು, ಎಲ್ಲರೂ ತನ್ನನ್ನೇ ನೋಡಲಿ ಎಂದು ಸುಳ್ಳು ಹೇಳುತ್ತಾಳೆ, ಶಾಲೆಯಲ್ಲೂ ಇದೇ ಕಂಪ್ಲೇಂಟು ಎಂದಳು. ಶಾಲೆಯಲ್ಲಿ ಯಾರೂ ಅಂಥದ್ದೇನೂ ಹೇಳಿರಲಿಲ್ಲ. ಇಬ್ಬರ ಮನೆ ಕಡೆ ಯಾರಿಗಾದರೂ ಇದೆಯೇ ಎಂದು ಪಾವನಾ ಕೇಳಿದಳು. ಯಾರಿಗೂ ಇಲ್ಲ ಎಂದಳು ಕೋಕಿಲಾ. ಗಂಡನಿಗೊಬ್ಬಳು ಅಕ್ಕ ಇದ್ದಾಳೆ ಎಂಬುದೇ ಆ ಗಳಿಗೆಯಲ್ಲಿ ಇಲ್ಲವಾಯಿತು.

ಪಾವನಾ ನಂಬಿದಳೋ ಬಿಟ್ಟಳೋ, ಮುಖದಲ್ಲಿ ನಗು ಮಾತ್ರ ಮಾಸಲಿಲ್ಲ.

"ನಂಗೇನಿಲ್ಲಪ್ಪ, ನಾವೆಲ್ಲ ಓದಿರೋರು. ಬೇರೆ ಪೇರೆಂಟ್ಸ್ ಬಗ್ಗೆ ಯೋಚನೆ ಮಾಡ್ಬೇಕಲ್ವಾ. ಕೋಲಾಟ ಅಂದ್ರೆ ಕೈ ಕೈ ತಾಗತ್ತೆ. ಈ ಸಲ ದಿಯಾ ಅನೌನ್ಸ್‌ಮೆಂಟ್ ಮಾಡ್ಲಿ ಬಿಡು. ಕರ್ಟನ್ ಹಿಂದೆ ಮೈಕ್ ಕೊಡೋಣ, ವಾಯ್ಸ್ ಚೆನ್ನಾಗಿದೆ ಅವಳದ್ದು."

ಕೋಲಾಟದಲ್ಲಿ ಕೋಲಿಗೆ ಕೋಲು ತಾಗುತ್ತದೆ, ಕೈಗೆ ಕೈ ತಾಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೋಕಿಲಾ, ಥ್ಯಾಂಕ್ಸ್ ಕಣೇ ಎಂದಳು, ಯಾರಿಗೂ ಹೇಳಬೇಡ ಎಂದು ಅವಳ ಕೈ ಹಿಡಿದುಕೊಂಡಳು. ಪಾವನಾ ಸ್ವಲ್ಪ ಹೊತ್ತಿನ ಮೇಲೆ ತನ್ನ ಕೈ ಬಿಡಿಸಿಕೊಂಡು, ಜಾಕೆಟ್ಟಿನ ಬದಿಗೆ ಒಮ್ಮೆ ಒರೆಸಿಕೊಂಡಳು.

ಪೆಟ್ಟಿಗೆ ಹುಡುಕಲು ಹೋದ ಯೂಡಿತ್ ಇನ್ನೂ ಕೆಳಗಿನಿಂದ ಬಂದಿರಲಿಲ್ಲ. ಬಾಗಿಲಾಚೆ ಅಷ್ಟು ಹೊತ್ತೂ ಗದ್ದಲವಿರಲಿಲ್ಲ. ಡೇರೆಯೊಳಗಿಂದ ದಿಯಾ, ನಾನು ಯಾವಾಗ ವಾಪಸ್ ಬರಬಹುದು ಎಂದು ಕೇಳಿದ್ದಳಂತೆ. ಉತ್ತರ ಕೊಡುವುದು ಪುರೋಹಿತನ ಕೆಲಸವಲ್ಲವೇ, ಅನ್ಯಾ ಉಳಿದ ಕಾರ್ಡುಗಳನ್ನೆಲ್ಲ ತಿರುವಿಹಾಕಿದ್ದಳು. ಒಂದರಲ್ಲಿ ಸಿಕ್ಕಿತ್ತು. ತಲೆಯಿಂದ ಕಾಲಿನವರೆಗೆ ಮೈಯೆಲ್ಲ ಬೆಳ್ಳಗಾಗಿದ್ದರೆ ಪುರೋಹಿತನು ಅವನನ್ನು ಶುದ್ಧನೆಂದು ಸಾರಲಿ. ಪೂರ್ತಿ ಬಿಳಿಯಾದವನು ಶುದ್ಧನು. ಹನ್ನೊಂದು ಮಕ್ಕಳೂ ಒಟ್ಟಿಗೆ ಎದ್ದಿದ್ದವು.

ಕೋಕಿಲಾ, ಪಾವನಾ ಒಳಗೆ ಬಂದಾಗ ಬಿಳಿ ಬಣ್ಣದ ದೊಡ್ಡ ಬಾಟಲಿ ಖಾಲಿಯಾಗಿ ನೆಲದಲ್ಲಿ ಉರುಳಿತ್ತು. ದಿಯಾ ಹಾಸಿದ ಪೇಪರಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಹಣೆ, ಕೆನ್ನೆ, ಕತ್ತು, ಎರಡೂ ತೋಳು, ಪಾದ, ಕೂದಲು, ಹುಬ್ಬು, ಎಲ್ಲ ಬಿಳಿ. ಸುಳ್ಳುಬುರುಕಿ ಎಂದಿದ್ದ ಹುಡುಗ ಮಂಡಿಯೂರಿ, ನಾಲಿಗೆ ಕಚ್ಚಿಕೊಂಡು, ಬೆರಳ ಸಂದಿಗಳಿಗೆ ಸಣ್ಣ ಬ್ರಶ್ಶಿನಲ್ಲಿ ಬಳಿಯುತ್ತಿದ್ದ. ಇಬ್ಬರು ಹುಡುಗಿಯರು ಉರಿಯಬಾರದೆಂದು ಗಾಯದ ಮೇಲೆ ಊದುತ್ತಾ ಬಳಿದಿದ್ದರು. ಅನ್ಯಾ ಸುತ್ತ ಒಂದು ಪ್ರದಕ್ಷಿಣೆ ಬಂದು, ಭೂತಗನ್ನಡಿ ಇಳಿಸಿ, ಶುದ್ಧ ಎಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಕೋಕಿಲಾಳ ಕಣ್ಣು ಮಗಳ ಮುಖಕ್ಕೆ ಹೋಗಲಿಲ್ಲ. ಮೊದಲು ಮೊಣಕೈಗೆ ಹೋಯಿತು, ಆಮೇಲೆ ಕಿವಿಯ ಕೆಳಗೆ. ಏಳು ತಿಂಗಳಿಂದ ನಿದ್ದೆಗಣ್ಣಲ್ಲೂ ತಪ್ಪದೆ ಕಂಡುಹಿಡಿಯುತ್ತಿದ್ದ ಎರಡು ಜಾಗಗಳನ್ನು ಅವಳು ಹುಡುಕಿದಳು. ಅವು ಎಲ್ಲೂ ಇರಲಿಲ್ಲ. ಅವಳಿಗೆ ಹಾಯೆನಿಸಿತು. ಹಾಗೆನಿಸಿದ್ದು ತಿಳಿದು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಮ್ಮ, ಈಗ ಬರ್ಲಾ?" ಎಂದಳು ದಿಯಾ.

ರೆಪ್ಪೆಗಳ ಮೇಲಿನ ಬಣ್ಣ ಒಣಗುತ್ತಿದ್ದುದರಿಂದ ಅವಳು ಕಣ್ಣು ಬಿಟ್ಟಿರಲಿಲ್ಲ. ಎಲ್ಲಿಯೂ ಅಳಿಸದಿರಲಿ ಎಂದು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಉತ್ತರ ಬರಬಹುದಾದ ಕಡೆಗೆ ಮುಖ ಮಾಡಿ ನಿಂತಿದ್ದಳು. ಬೆರಳ ತುದಿಯಿಂದ ಬಣ್ಣ ಪೇಪರಿನ ಮೇಲೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.